ಅಮ್ಮನ ಹೆಬ್ಬೆಟ್ಟು

"ಕಂಪ್ಯೂಟರಿನಲ್ಲಿ ದಾಖಲಾಗಿರುವ ನಾನೇ ನಿಜವಾದ ನಾನಾ? ಹಾಗಾದರೆ ಬದುಕಿಗೆ ಅರ್ಥ ಎಲ್ಲಿಂದ ಬರುತ್ತದೆ?" ಎಂದು ಕೇಳಿದ್ದೀರಿ. ಈ ಪ್ರಶ್ನೆ ನನಗೆ ಎದುರಾದದ್ದು ನ್ಯಾಯಬೆಲೆ ಅಂಗಡಿಯ ಕ್ಯೂನಲ್ಲಿ.

ನಮ್ಮದು ಮಲೆನಾಡು. ಅಮ್ಮನದು ಮೂವತ್ತು ವರ್ಷ ಮೆಟ್ಟುಗತ್ತಿಯೆದುರು ಕೂತು ಕೂಲಿಗೆ ಅಡಿಕೆ ಸುಲಿದ ಕೈ. ಹೆಬ್ಬೆರಳ ತುದಿ ಬಿರಿದು, ಗೆರೆಯೆಲ್ಲ ಸವೆದು, ಚೊಗರಿಗೆ ಕಪ್ಪಾಗಿದೆ. ಅವತ್ತು ಅಂಗಡಿಯ ಬೆರಳಚ್ಚು ಮಿಷನ್ ಮೇಲೆ ಐದಾರು ಸಲ ಒತ್ತಿದಳು. ಸೆರಗಿಗೆ ಒರೆಸಿ ಒತ್ತಿದಳು, ತಲೆಗೂದಲಿಗೆ ಉಜ್ಜಿ ಒತ್ತಿದಳು. ಬೇರೆ ಬೆರಳುಗಳದ್ದೂ ಆಯಿತು. "ನೀವ್ಯಾರು ಅಂತ ನಂಗೆ ಗೊತ್ತು ಅಕ್ಕ, ಇದು ತಗೊಳ್ತಾ ಇಲ್ಲ" ಅಂದರು ಅಂಗಡಿಯವರು. ಕೊನೆಗೆ ಒಟಿಪಿ ನನ್ನ ಮೊಬೈಲಿಗೆ ಬಂತು. ಅಮ್ಮ ಎದುರಿಗೇ ನಿಂತಿದ್ದಳು. ಅವಳು ಅವಳೇ ಎಂದು ರುಜುವಾತಾದದ್ದು ನನ್ನ ಜೇಬಿನಲ್ಲಿದ್ದ ಫೋನಿನಿಂದ. ದಾರಿಯಲ್ಲಿ ಕೇಳಿದಳು: "ಈ ಕೈ ನಂದಲ್ಲ ಅಂತ ಹೇಳ್ತಾ ಅದು?"

ಆಧಾರ್‌ಗೆ ಹತ್ತು ಬೆರಳು, ಎರಡು ಕಣ್ಣುಪಾಪೆ, ಒಂದು ಫೋಟೊ ತೆಗೆದುಕೊಂಡು 12 ಅಂಕಿ ಕೊಡುತ್ತಾರೆ. ಆಮೇಲೆ ಮಿಷನ್ ನೋಡುವುದು ಇಷ್ಟೇ: ಅಂದಿದ್ದ ಗೆರೆ ಇಂದೂ ಹಾಗೇ ಇದೆಯಾ? ದೇಹ ಬದಲಾಗುತ್ತದೆಂದು ವ್ಯವಸ್ಥೆಗೂ ಗೊತ್ತು, ಅದಕ್ಕೇ ಮಕ್ಕಳು 5ನೇ ವಯಸ್ಸಿನಲ್ಲಿ ಕೊಟ್ಟ ಬೆರಳಚ್ಚನ್ನು 15ನೇ ವಯಸ್ಸಿನಲ್ಲಿ ಮತ್ತೆ ಕೊಡಬೇಕು. ಆದರೆ ದುಡಿದು ಸವೆಯುವುದಕ್ಕೆ ಇಂಥದೇ ವಯಸ್ಸು ಅಂತ ಇರುತ್ತದೆಯೇ? ನನ್ನ ಕಾಲೇಜಿನ ಫೀಸು ಬಂದದ್ದು ಆ ಗೆರೆಗಳು ಸವೆದೇ. ನೀವು ಹುಡುಕುತ್ತಿರುವ ಅರ್ಥ ನನಗೆ ಕಾಣುವುದು ಮಿಷನ್ನು ಓದಲಾಗದೆ ಬಿಟ್ಟ ಆ ನುಣುಪು ಜಾಗದಲ್ಲೇ.

ಆಧಾರ್ ವಿಷಯವನ್ನು 2012ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ತೀರ್ಪು ಆಧಾರ್ ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಆದರೆ ಬೆರಳಚ್ಚು ಹೊಂದಲಿಲ್ಲವೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದು, ಬೇರೆ ದಾರಿ ಇರಬೇಕು ಎಂದೂ ಹೇಳಿತು. ಆ ಮಾತು ಪ್ರತಿ ಅಂಗಡಿಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಇರಬೇಕು ಅಂತ ನನ್ನಾಸೆ.

ಇನ್ನೊಂದು ಸಂಗತಿ ಹೇಳದಿದ್ದರೆ ಮನಸ್ಸು ತಡೆಯದು. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ, ಕೆಲಸ ಮುಗಿಸಿ ಬಂದು ಲಾಟೀನಿನ ಬೆಳಕಲ್ಲಿ ಸ್ಲೇಟು ಹಿಡಿದು ಅಮ್ಮ ತನ್ನ ಹೆಸರು ಬರೆಯಲು ಕಲಿತಳು. ಇನ್ನು ಯಾರೂ ತನ್ನನ್ನು ಹೆಬ್ಬೆಟ್ಟು ಅನ್ನಬಾರದು ಅಂತ. ಈಗ ಮತ್ತೆ ಎಲ್ಲರೂ ಕೇಳುವುದು ಹೆಬ್ಬೆಟ್ಟನ್ನೇ. ಆದರೂ ರೇಷನ್ ತರಲು ಹೊರಟಾಗ ಎಲೆಅಡಿಕೆ ಸಂಚಿಯೊಳಗೆ ಒಂದು ಪೆನ್ನು ಇಟ್ಟುಕೊಂಡೇ ಹೋಗುತ್ತಾಳೆ.