ಫ್ಲೋರೆಸ್‌ನಲ್ಲಿ ಅರ್ಧ ಎಕರೆ: ಸಂಪಾದಕರ ಉತ್ತರ

ಸಾಗರದ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು ಬರೆದಿದ್ದಾರೆ. ಸಿಂಗಪುರದಲ್ಲಿರುವ ಮಗನ ಜೊತೆ ಬಾಲಿಗೆ ಹೋಗಿದ್ದಾಗ ಏಜೆಂಟನೊಬ್ಬ ಪರಿಚಯವಾದನಂತೆ. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಮಂಗ್ಗರಾಯ್ ಸೀಮೆಯಲ್ಲಿ, ಒಂದು ಹಳ್ಳಿಯ ಅಂಚಿನ ಗುಡ್ಡದ ಮೇಲೆ ಅರ್ಧ ಎಕರೆ ಜಾಗ ಕೊಡಿಸುವುದಾಗಿ ಹೇಳಿದ್ದಾನೆ. ಪತ್ರ ಅಲ್ಲಿಯವರೊಬ್ಬರ ಹೆಸರಿಗೆ, ಅನುಭೋಗ ಇವರಿಗೆ. ಊರ ಮುಖ್ಯಸ್ಥರ ಮೊಹರಿದ್ದ ಕಾಗದವನ್ನೂ ತೋರಿಸಿದ್ದಾನೆ. ‘ಕೊಳ್ಳಬಹುದೆ? ನಮ್ಮಂಥವರು ಅಲ್ಲಿ ಬದುಕಬಹುದೆ? ಹೋಗಿಬರುವುದು ಹೇಗೆ?’ ಎಂದು ಕೇಳಿದ್ದಾರೆ.

ಮಾನ್ಯರೆ,

ಮೊದಲು ದುಡ್ಡಿನ ಮಾತು. ಮುಂಗಡ ಕೊಡಬೇಡಿ. ಏಜೆಂಟ್ ಹೇಳಿದ ವ್ಯವಸ್ಥೆಗೆ ನಮ್ಮೂರಲ್ಲಿ ಬೇನಾಮಿ ಎನ್ನುತ್ತೇವೆ. ಇಂಡೊನೇಷ್ಯಾದ ಭೂಮಿ ಕಾಯ್ದೆ 1960ನೆಯ ಇಸವಿಯ 5ನೇ ಕಾಯ್ದೆ. ಪೂರ್ಣ ಒಡೆತನವನ್ನು ಅದು ‘ಹಕ್ ಮಿಲಿಕ್’ ಎಂದು ಕರೆದು, ಆ ದೇಶದ ಪ್ರಜೆಗಳಿಗೆ ಮಾತ್ರ ಮೀಸಲಿಟ್ಟಿದೆ. ಅದರ 26ನೇ ಕಲಮು ಇನ್ನೂ ಖಡಕ್ಕು: ಮಾರಾಟ, ದಾನ, ಉಯಿಲು, ಯಾವ ದಾರಿಯಿಂದಲಾದರೂ ಸರಿ, ನೇರವಾಗಿಯೋ ಬಳಸಿಯೋ ಭೂಮಿಯನ್ನು ವಿದೇಶಿಯರ ಕೈಗೆ ದಾಟಿಸಿದರೆ ಆ ವ್ಯವಹಾರವೇ ಅನೂರ್ಜಿತ. ಭೂಮಿ ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣ ಮರಳಿ ಕೇಳುವಂತಿಲ್ಲ. ‘ಬಳಸಿಯೋ’ ಎಂಬ ಮಾತು ನಿಮ್ಮ ಏಜೆಂಟನಂಥವರನ್ನು ಕಂಡೇ ಬರೆದಂತಿದೆ. ನಮ್ಮ ಕರ್ನಾಟಕದಲ್ಲೂ ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯವರೆಗೆ ಕೃಷಿಕರಲ್ಲದವರು ಹೊಲ ಕೊಳ್ಳುವಂತಿರಲಿಲ್ಲ. ಆಗ ನಂಟರ ಹೆಸರಲ್ಲಿ ತೋಟ ಮಾಡಿ, ಆಮೇಲೆ ಆ ನಂಟರ ಮಕ್ಕಳ ಜೊತೆ ಕೋರ್ಟು ಅಲೆದವರು ನಿಮ್ಮ ಸೀಮೆಯಲ್ಲೇ ಸಿಕ್ಕಾರು. ಪರದೇಶದಲ್ಲಿ, ಪರಭಾಷೆಯಲ್ಲಿ ಆ ಅಲೆದಾಟ ಬೇಡ.

ಮೊಹರಿನ ಕಾಗದವೂ ಹಕ್ಕುಪತ್ರವಲ್ಲ. ಭೂ ಕಚೇರಿ ಕೊಟ್ಟ ಸರ್ಟಿಫಿಕೇಟು ಇರಬೇಕು, ಕ್ರಯಪತ್ರ ಅದಕ್ಕೆಂದೇ ನೇಮಕಗೊಂಡ ಅಧಿಕಾರಿಯ ಮುಂದೆ ಆಗಬೇಕು. ಅಲ್ಲಿ ನೆಲೆಸಲು ಪರವಾನಗಿ ಪಡೆದ ವಿದೇಶಿಯರಿಗೆ ‘ಹಕ್ ಪಕಾಯ್’ ಎಂಬ ಬಳಕೆಯ ಹಕ್ಕಿದೆ, ನಿಜ. 2021ರ ನಿಯಮದಂತೆ ಸರ್ಕಾರಿ ಜಮೀನಿನ ಮೇಲೆ ಅದು ಮೊದಲು 30 ವರ್ಷ, ವಿಸ್ತರಿಸಿದರೆ 20, ನವೀಕರಿಸಿದರೆ ಮತ್ತೆ 30. ಆದರೆ ಅದು ವಾಸದ ಮನೆಗೆ, ಅದೂ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಗಿಂತ ಮೇಲಿನ ಮನೆಗೆ. ಗುಡ್ಡದ ಗುಡಿಸಲು ಆ ಲೆಕ್ಕಕ್ಕೆ ಬರುವುದಿಲ್ಲ.

ಕಾನೂನು ಇಷ್ಟು. ನಿಮ್ಮ ಏಜೆಂಟ್ ನಿಮಗೆ ಹೇಳದೆ ಬಿಟ್ಟದ್ದು ಇದಕ್ಕಿಂತ ದೊಡ್ಡದು.

ಮಂಗ್ಗರಾಯ್ ಹಳ್ಳಿಯಲ್ಲಿ ಭೂಮಿ ಮನೆಗೆ ಅಂಟಿಕೊಂಡಿದೆ. ಆ ಮನೆ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಊರಿನ ನಗಾರಿ ತೂಗುಹಾಕಿದ ಹಿರಿಮನೆ. ಒಳಗೆ ನಗಾರಿ, ಹೊರಗೆ ಹೊಲ ಎನ್ನುವುದು ಅವರ ಗಾದೆ. ನಗಾರಿ ಮನೆ ಇದ್ದಲ್ಲಿ ಅದಕ್ಕೆ ಸೇರಿದ ‘ಲಿಂಗ್ಕೊ’ ಎಂಬ ಸಾಮೂಹಿಕ ಹೊಲಗಳಿರುತ್ತವೆ. ಅವನ್ನು ಹಂಚುವ ರೀತಿ ನೋಡಬೇಕು. ಹೊಲದ ನಡುವೆ ಒಂದು ಮರದ ಗೂಟ ನೆಡುತ್ತಾರೆ. ಭೂಮಿಯ ಜವಾಬ್ದಾರಿ ಹೊತ್ತ ಹಿರಿಯನಿಗೆ ‘ತುವಾ ತೇನೊ’ ಎಂದು ಹೆಸರು. ಆತ ಗೂಟದ ಸುತ್ತಲಿನ ಪುಟ್ಟ ವೃತ್ತದ ಮೇಲೆ ಬೆರಳಿಟ್ಟು ಪಾಲು ಅಳೆಯುತ್ತಾನೆ. ಬೆರಳಿನ ಎರಡೂ ಅಂಚಿನಿಂದ ಎಳೆದ ಗೆರೆಗಳು ಹೊರಗಿನ ಎಲ್ಲೆಯವರೆಗೂ ಓಡುತ್ತವೆ. ನಡುವಿನಲ್ಲಿ ಬೆರಳಗಲ ಇದ್ದದ್ದು ಎಲ್ಲೆ ಮುಟ್ಟುವಾಗ ಒಂದು ಸಂಸಾರದ ಗದ್ದೆಯಷ್ಟು ಅಗಲವಾಗಿರುತ್ತದೆ. ಹಿರಿಮನೆತನದವರಿಗೆ ಹೆಚ್ಚು ಬೆರಳು, ಉಳಿದವರಿಗೆ ಕಡಿಮೆ. ರುತೆಂಗ್ ಪಟ್ಟಣದಿಂದ ಪಶ್ಚಿಮಕ್ಕಿರುವ ಚಂಚಾರ್ ಬಳಿಯ ಗುಡ್ಡ ಹತ್ತಿ ನಿಂತರೆ ಇಡೀ ಬಯಲು ಜೇಡರ ಬಲೆಯಂತೆ ಕಾಣುತ್ತದೆ. ಪ್ರವಾಸಿಗರು ಫೋಟೊ ಹೊಡೆಯುವುದು ಇದನ್ನೇ.

ಹೊರಗಿನವರಿಗೆ ಭೂಮಿ ಸಿಗುವುದೇ ಇಲ್ಲವೆಂದಲ್ಲ. ಕೋಳಿ ಮತ್ತು ತಾಳೆಜಾತಿಯ ಮರದ ಹೆಂಡ ಹಿಡಿದುಕೊಂಡು ಹಿರಿಯರ ಮುಂದೆ ಕೇಳಿಕೊಳ್ಳುವ ಸಂಪ್ರದಾಯ ಇದೆ. ಒಪ್ಪಿದರೆ ಪಾಲು ಕೊಡುತ್ತಾರೆ. ನಿಮ್ಮ ಏಜೆಂಟ್ ಇದನ್ನೇ ನಾಳೆ ‘ಸಾಂಪ್ರದಾಯಿಕ ಖರೀದಿ’ ಎಂದು ಮಾರಲು ಬಂದಾನು, ಎಚ್ಚರ. ಆ ಕೋಳಿ ಬೆಲೆಯಲ್ಲ. ಊರಲ್ಲಿ ಬಾಳುತ್ತೇನೆ, ಊರ ಪೂಜೆಗೆ, ದುಡಿಮೆಗೆ, ಸಾವಿಗೆ ಬರುತ್ತೇನೆ ಎಂಬ ಒಪ್ಪಂದ. ವರ್ಷಕ್ಕೆ ಎರಡು ತಿಂಗಳು ಬಂದು ಸೂರ್ಯಾಸ್ತ ನೋಡುವವರಿಗೆ ಅದು ಹೊಂದುವುದಿಲ್ಲ. ಅದೂ ಅಲ್ಲದೆ, ಅದರಿಂದ ವಿದೇಶಿಗೆ ಸರ್ಕಾರದ ಹಕ್ಕುಪತ್ರ ಹುಟ್ಟುವುದಿಲ್ಲ. ಫ್ಲೋರೆಸ್‌ನ ಪಶ್ಚಿಮ ತುದಿಯ ಬಂದರು ಪಟ್ಟಣ ಲಾಬುವಾನ್ ಬಾಜೊವನ್ನು ಸರ್ಕಾರ ಪ್ರವಾಸೋದ್ಯಮದ ಆದ್ಯತೆಯ ಊರೆಂದು ಸಾರಿದ ಮೇಲೆ ಅಲ್ಲಿ ನೆಲದ ಬೆಲೆ ಏರಿದೆ. ಒಂದೇ ಗುಡ್ಡಕ್ಕೆ ಹಲವು ಹಕ್ಕುದಾರರು ಎದ್ದು ನಿಂತ ವ್ಯಾಜ್ಯಗಳಲ್ಲಿ, ಯಾರು ಯಾರಿಗೆ ಯಾವಾಗ ಕೋಳಿ ಕೊಟ್ಟರು ಎಂಬುದೂ ಚರ್ಚೆಯಾಗಿದೆ.

ಇದನ್ನೆಲ್ಲ ಓದಿ ‘ಎಂಥ ಸುಂದರ ಸಮಾಜ’ ಎಂದು ನಿಟ್ಟುಸಿರು ಬಿಡಲೂ ಬೇಡಿ. ಅಲ್ಲಿ ಗಂಡುಮಕ್ಕಳು ‘ಒಳಗಿನವರು’, ಹೆಣ್ಣುಮಕ್ಕಳು ‘ಹೊರಗಿನವರು’. ಮದುವೆಯಾಗಿ ಹೋದವಳಿಗೆ ತವರಿನ ಲಿಂಗ್ಕೊದಲ್ಲಿ ಹಕ್ಕಿನ ಪಾಲಿಲ್ಲ. ಅಪ್ಪ ಮನಸ್ಸು ಮಾಡಿ ಕೊಟ್ಟರೆ ಉಂಟು. ಊರೊಟ್ಟಿನ ಭೂಮಿ ಎಂದಮಾತ್ರಕ್ಕೆ ಸಮಪಾಲು ಎಂದರ್ಥವಲ್ಲ.

ಇನ್ನು ಬದುಕುವ ಮಾತು. ಕೊಳ್ಳುವ ಆಸೆ ಬಿಟ್ಟು ಅತಿಥಿಯಾಗಿ ಹೋಗುವುದಾದರೆ ನಾನು ಹೇಳುವ ಊರು ಮಂಗ್ಗರಾಯ್ ಸೀಮೆಯದೇ ಆದ ವಾಯೆ ರೆಬೊ. ಸಮುದ್ರ ಮಟ್ಟದಿಂದ ಸುಮಾರು 1,100 ಮೀಟರ್ ಮೇಲೆ, ಕಾಡಿನ ನಡುವೆ, ನೆಲಮುಟ್ಟುವ ಹುಲ್ಲಿನ ಹೊದಿಕೆಯ ಏಳು ಶಂಕುವಿನಾಕಾರದ ಮನೆಗಳು. ಶಿಥಿಲವಾಗುತ್ತಿದ್ದ ಇವನ್ನು ಊರಿನವರೇ, ಹೊರಗಿನ ವಾಸ್ತುಶಿಲ್ಪಿಗಳ ನೆರವಿನಿಂದ, ಹಳೆಯ ಕ್ರಮದಲ್ಲೇ ಕಟ್ಟಿ ನಿಲ್ಲಿಸಿದರು. 2012ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಯೂ ಬಂತು. ಒಂದೊಂದು ಮನೆಗೂ ಐದು ಅಂತಸ್ತು. ಕೆಳಗೆ ಜನ, ಅದರ ಮೇಲೆ ದಿನಸಿ, ಅದರ ಮೇಲೆ ಬಿತ್ತನೆ ಬೀಜ, ನಾಲ್ಕನೆಯದರಲ್ಲಿ ಬರಗಾಲಕ್ಕೆಂದು ಎತ್ತಿಟ್ಟ ಧಾನ್ಯ, ತುದಿಯಲ್ಲಿ ಹಿರಿಯರಿಗೆ ಎಡೆ. ಒಲೆ ಒಳಗೇ ಉರಿಯುವುದರಿಂದ ಹೊಗೆ ಮೇಲಕ್ಕೇರಿ ಮಾಡಿನ ಹುಲ್ಲನ್ನೂ ಕಾಳನ್ನೂ ಹುಳದಿಂದ ಕಾಯುತ್ತದೆ. ನಿಮ್ಮ ಕಣ್ಣು ಮಾತ್ರ ಉರಿಯುತ್ತದೆ. ಮಕ್ಕಳು ಓದಿಗೆ ಕೆಳಗಿನ ಊರುಗಳಿಗೆ ಇಳಿಯಬೇಕು. ಕೈಗೆ ಕಾಸು ಕಾಫಿಯಿಂದ, ಈಗೀಗ ಅತಿಥಿಗಳಿಂದ.

ಊರು ಮುಟ್ಟಿದ ಕೂಡಲೇ ಕ್ಯಾಮೆರಾ ತೆಗೆಯಬೇಡಿ. ಮೊದಲು ಹಿರಿಮನೆಗೆ ಹೋಗಿ ಕೂರಬೇಕು. ಹಿರಿಯರು ಹೊಸಬರು ಬಂದಿದ್ದಾರೆಂದು ಪೂರ್ವಜರಿಗೆ ಅರಿಕೆ ಮಾಡುತ್ತಾರೆ, ನೀವು ಸಣ್ಣ ಕಾಣಿಕೆ ಇಡುತ್ತೀರಿ. ಜನ ಕ್ಯಾಥೊಲಿಕರು, ಆದರೆ ಪೂರ್ವಜರನ್ನು ಬಿಟ್ಟವರಲ್ಲ. ಆ ಸೀಮೆಯಲ್ಲಿ ಎಲೆಯಡಿಕೆಯ ಉಪಚಾರವೂ ಉಂಟು. ನೀವು ಅಡಿಕೆ ಸೀಮೆಯವರಾದ್ದರಿಂದ ಹೇಳುತ್ತೇನೆ, ಎಲೆಯ ಬದಲು ವೀಳ್ಯದ ಬಳ್ಳಿಯ ಉದ್ದನೆಯ ಕಾಯನ್ನು ಸುಣ್ಣಕ್ಕೆ ಅದ್ದಿ ಅಡಿಕೆಯ ಜೊತೆ ಅಗಿಯುವುದೂ ಅಲ್ಲಿ ರೂಢಿ. ಖಾರ ಜಾಸ್ತಿ, ಹುಷಾರು. ಸಸ್ಯಾಹಾರಿಗಳಾದರೆ ಅನ್ನ, ಮರಗೆಣಸಿನ ಸೊಪ್ಪು, ಕುಂಬಳ, ಸಿಕ್ಕಿದರೆ ತೆಂಪೆ, ಅಂದರೆ ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ. ಸಂಬಾಲ್ ಚಟ್ನಿಯಲ್ಲಿ ಹಲವು ಕಡೆ ಸಿಗಡಿಯ ಅರಪು ಇರುತ್ತದೆ, ಕೇಳಿಯೇ ಮುಟ್ಟಿ. ಮಾಂಸ ತಿನ್ನುವುದಿಲ್ಲವೆಂದು ಮುಂಚೆಯೇ ಹೇಳಿಕಳಿಸಿ. ಕೋಳಿ ಕೊಯ್ದ ಮೇಲೆ ಬೇಡ ಎಂದರೆ ಅವರ ಮುಖ ಬಾಡುತ್ತದೆ.

ದಾರಿ: ಬೆಂಗಳೂರಿನಿಂದ ಬಾಲಿಗೆ 2024ರಿಂದ ನೇರ ವಿಮಾನ ಇದೆ. ಬಾಲಿಯಿಂದ ಲಾಬುವಾನ್ ಬಾಜೊಗೆ ಗಂಟೆಯ ಮೇಲೆ ಸ್ವಲ್ಪ ಹಾರಾಟ. ಅಲ್ಲಿಂದ ಡೆಂಗೆ ಎಂಬ ಊರಿಗೆ ಅರ್ಧ ದಿನದ ತಿರುವುರಸ್ತೆ. ವಾಂತಿಯ ಮಾತ್ರೆ ಇಟ್ಟುಕೊಳ್ಳಿ. ಕಾರಿನ ಬದಲು ‘ಒತೊ ಕೋಲ್’ ಹತ್ತುವ ಉಮೇದಿದ್ದರೆ, ಅದು ಹಲಗೆ ಬೆಂಚು ಜೋಡಿಸಿದ ಲಾರಿ. ಜನ, ಅಕ್ಕಿ, ಹಂದಿ ಒಟ್ಟಿಗೆ. ಡೆಂಗೆಯಿಂದ ಸ್ವಲ್ಪ ದೂರ ಬಾಡಿಗೆ ಬೈಕು, ಆಮೇಲೆ ಎರಡು ಮೂರು ಗಂಟೆ ಕಾಡಿನ ಏರು. ನಿಮ್ಮ ಮೊಣಕಾಲನ್ನು ವಿಚಾರಿಸಿ ಹೊರಡಿ. ವೀಸಾ ಇಳಿದಲ್ಲೇ ಸಿಗುತ್ತದೆ, 5 ಲಕ್ಷ ಇಂಡೊನೇಷ್ಯಾ ರುಪಿಯಾ (ನಮ್ಮ ರೂಪಾಯಿ ಅಲ್ಲ), 30 ದಿನ, ಒಮ್ಮೆ ವಿಸ್ತರಿಸಬಹುದು. ನಗದು ಲಾಬುವಾನ್ ಬಾಜೊದಲ್ಲೇ ತೆಗೆದಿಟ್ಟುಕೊಳ್ಳಿ. ಒಂದು ಮಾತು ಪ್ರವಾಸಿ ವಿಡಿಯೊಗಳಲ್ಲಿ ಬರುವುದಿಲ್ಲ: ಫ್ಲೋರೆಸ್‌ನಲ್ಲಿ 1990ರ ದಶಕದ ಕೊನೆಯಿಂದ ಹುಚ್ಚುನಾಯಿ ರೋಗ ಬೇರೂರಿದೆ, ಹಳ್ಳಿ ತುಂಬ ನಾಯಿಗಳು, ದೊಡ್ಡ ಆಸ್ಪತ್ರೆ ದೂರ. ಹೊರಡುವ ಮೊದಲು ರೇಬಿಸ್ ಲಸಿಕೆಯ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.

ಏಪ್ರಿಲ್‌ನಿಂದ ಅಕ್ಟೋಬರ್ ಒಣಗಾಲ, ನಡೆಯಲು ಅನುಕೂಲ. ಊರಿನವರ ಹೊಸವರ್ಷದ ಪೂಜೆ ‘ಪೆಂತಿ’ ನೋಡುವ ಆಸೆಯಿದ್ದರೆ ಅದು ನವೆಂಬರ್‌ನಲ್ಲಿ. ಆಗ ಮಳೆ ಹಿಡಿಯುವ ಹೊತ್ತು. ಆದರೂ ಮಲೆನಾಡಿನವರಿಗೆ ಜಿಗಣೆಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲವಲ್ಲ.

— ಸಂ.