ಇನ್‌ಸ್ಟಾಲ್ ಮಾಡುವಾಗಲೇ ಕಾಣೆಯಾದ ವೈಫೈ: ಓದುಗರ ಪ್ರಶ್ನೆ

ಪ್ರಶ್ನೆ: ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್‌ಗೆ ಡೆಬಿಯನ್ 12 ಲಿನಕ್ಸ್ ಹಾಕಲು ಹೊರಟಿದ್ದೇನೆ. ನೆಟ್‌ಇನ್‌ಸ್ಟ್ ಐಎಸ್‌ಒ ಕಡತವನ್ನು (ಉಳಿದದ್ದನ್ನು ಅಂತರಜಾಲದಿಂದ ತರಿಸಿಕೊಳ್ಳುವ ಸಣ್ಣ ಇನ್‌ಸ್ಟಾಲರ್) ಪೆನ್‌ಡ್ರೈವ್‌ಗೆ ಬರೆದು ಬೂಟ್ ಮಾಡಿದರೆ, ಭಾಷೆ ಮತ್ತು ಕೀಬೋರ್ಡ್ ಆಯ್ಕೆಯಾದ ಮೇಲೆ ಈಥರ್‌ನೆಟ್ ಕಾರ್ಡ್ ಪತ್ತೆಯಾಗಲಿಲ್ಲ ಎಂಬ ಸಂದೇಶ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲ. ವಿಂಡೋಸ್‌ನಲ್ಲಿ ವೈಫೈ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಈ ಆವೃತ್ತಿಯಲ್ಲಿ ಫರ್ಮ್‌ವೇರ್ ಜೊತೆಗೇ ಬರುತ್ತದೆ ಎಂದು ಓದಿದ್ದೆನಲ್ಲ?
– ಓದುಗರೊಬ್ಬರು, ಸಾಗರ

ಉತ್ತರ: ನೀವು ಓದಿದ್ದು ನಿಜ. ಡೆಬಿಯನ್ ಸಮುದಾಯವು 2022ರಲ್ಲಿ ಮತದಾನ ನಡೆಸಿ ತೀರ್ಮಾನಿಸಿದಂತೆ, 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಮುಕ್ತವಲ್ಲದ ಫರ್ಮ್‌ವೇರ್ ಕೂಡ ಅಧಿಕೃತ ಐಎಸ್‌ಒದಲ್ಲಿಯೇ ಇರುತ್ತದೆ. ಆದರೆ ಫರ್ಮ್‌ವೇರ್ ಬೇರೆ, ಡ್ರೈವರ್ ಬೇರೆ. ಚಿಪ್‌ನ ಒಳಗೆ ಓಡುವ ತಂತ್ರಾಂಶ ಫರ್ಮ್‌ವೇರ್. ಚಿಪ್‌ನೊಡನೆ ಮಾತನಾಡಲು ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಬೇಕಾದದ್ದು ಡ್ರೈವರ್. ಇನ್‌ಸ್ಟಾಲರ್ ಮೊದಲನೆಯದನ್ನು ಕೊಡುತ್ತದೆ, ನಿಮ್ಮಲ್ಲಿ ಇಲ್ಲದಿರುವುದು ಬಹುಶಃ ಎರಡನೆಯದು.

ಖಚಿತಪಡಿಸಿಕೊಳ್ಳಲು, ಚಿತ್ರಾತ್ಮಕ ಇನ್‌ಸ್ಟಾಲರ್‌ನಲ್ಲಿ ಕಂಟ್ರೋಲ್, ಆಲ್ಟ್, ಎಫ್2 ಕೀಲಿಗಳನ್ನು ಒಟ್ಟಿಗೆ ಒತ್ತಿ, ಬರುವ ಕಪ್ಪು ತೆರೆಯಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್’ ಎಂಬ ಆದೇಶವನ್ನು ಆಂಗ್ಲ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲಿನ ಕೊನೆಯ ಚೌಕ ಆವರಣದ ಸಂಖ್ಯೆ 8086ರಿಂದ ಶುರುವಾದರೆ ಚಿಪ್ ಇಂಟೆಲ್‌ನದು, 10ಇಸಿ ಎಂದಿದ್ದರೆ ರಿಯಲ್‌ಟೆಕ್‌ನದು, 14ಇ4 ಎಂದಿದ್ದರೆ ಬ್ರಾಡ್‌ಕಾಮ್‌ನದು. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ 14ಇ4:4365, ಅಂದರೆ ಬಿಸಿಎಂ43142, ಸಾಮಾನ್ಯ. ಅದಕ್ಕೆ ಕರ್ನೆಲ್‌ನಲ್ಲಿ ಡ್ರೈವರ್ ಇಲ್ಲ. ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಎಂಬ ಪೊಟ್ಟಣ (ಪ್ಯಾಕೇಜ್) ತಂದು, ನಿಮ್ಮ ಯಂತ್ರದಲ್ಲಿಯೇ ಕರ್ನೆಲ್‌ಗೆ ಹೊಂದುವಂತೆ ಕಂಪೈಲ್ ಮಾಡಬೇಕು. ಪೊಟ್ಟಣ ತರಲು ಅಂತರಜಾಲ ಬೇಕು, ಅಂತರಜಾಲಕ್ಕೆ ಆ ಪೊಟ್ಟಣವೇ ಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂದಂತಾಯಿತು.

ಇದನ್ನು ಬಿಡಿಸಲು ಆಂಡ್ರಾಯ್ಡ್ ಫೋನು ಸಾಕು. ಅದನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ಅಂತರಜಾಲವನ್ನು ಕೇಬಲ್ ಮೂಲಕ ಹಂಚುವ ಸೌಲಭ್ಯ) ಚಾಲೂ ಮಾಡಿ, ಇನ್‌ಸ್ಟಾಲರ್‌ನ ಮುಖ್ಯ ಪಟ್ಟಿಗೆ ಮರಳಿ ನೆಟ್‌ವರ್ಕ್ ಯಂತ್ರಾಂಶ ಪತ್ತೆಯ ಹಂತವನ್ನು ಮತ್ತೊಮ್ಮೆ ಓಡಿಸಿ. ಫೋನು ತಂತಿಯ ನೆಟ್‌ವರ್ಕ್ ಕಾರ್ಡ್‌ನಂತೆ ಕಾಣುತ್ತದೆ. ಫೋನನ್ನು ಮನೆಯ ವೈಫೈಗೇ ಸೇರಿಸಿದ್ದರೆ ನಿಮ್ಮ ಮೊಬೈಲ್ ಡೇಟಾ ಕೂಡ ಖರ್ಚಾಗದು.

ಸಿಸ್ಟಂ ಸಿದ್ಧವಾದ ಮೇಲೆ ಆ ಪೊಟ್ಟಣವನ್ನೂ ಕಂಪೈಲ್‌ಗೆ ಬೇಕಾದ ‘ಲಿನಕ್ಸ್-ಹೆಡರ್ಸ್-ಎಎಂಡಿ64’ ಅನ್ನೂ ಹಾಕಿಕೊಳ್ಳಿ. ಇಲ್ಲಿ ಹಲವರು ಎಡವುತ್ತಾರೆ: ಇನ್‌ಸ್ಟಾಲರ್ ತಾನಾಗಿ ಸೇರಿಸುವುದು ‘ನಾನ್-ಫ್ರೀ-ಫರ್ಮ್‌ವೇರ್’ ವಿಭಾಗವನ್ನು, ಈ ಪೊಟ್ಟಣ ಇರುವುದು ‘ನಾನ್-ಫ್ರೀ’ ವಿಭಾಗದಲ್ಲಿ. ಆ ವಿಭಾಗವನ್ನು ಸೋರ್ಸಸ್ ಪಟ್ಟಿಗೆ (ಪೊಟ್ಟಣಗಳನ್ನು ಎಲ್ಲಿಂದ ತರಬೇಕೆಂಬ ಪಟ್ಟಿ) ನೀವೇ ಸೇರಿಸದಿದ್ದರೆ ಪೊಟ್ಟಣವೇ ಇಲ್ಲವೆಂದು, ಪೊಟ್ಟಣ ಹಾಕುವ ಸಾಧನವಾದ ಆಪ್ಟ್ ಹೇಳುತ್ತದೆ. ಡ್ರೈವರ್ ಮಾಡ್ಯೂಲ್ ಲೋಡ್ ಮಾಡುವಾಗ ಕೀಲಿ ತಿರಸ್ಕೃತವಾಯಿತು ಎಂಬ ದೋಷ ಬಂದರೆ ಕಾರಣ ಸೆಕ್ಯೂರ್ ಬೂಟ್, ಅಂದರೆ ಮಾನ್ಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ. ಅದನ್ನು ಬಯೋಸ್‌ನಲ್ಲಿ ಆಫ್ ಮಾಡಬಹುದು, ಇಲ್ಲವೇ ಡಿಕೆಎಂಎಸ್ (ಡ್ರೈವರ್ ಕಂಪೈಲ್ ಮಾಡುವ ಸಾಧನ) ಸೃಷ್ಟಿಸಿದ ಕೀಲಿಯನ್ನು ‘ಮಾಕ್‌ಯುಟಿಲ್’ ಆದೇಶದ ಮೂಲಕ ನೋಂದಾಯಿಸಬಹುದು.

ನನ್ನನ್ನು ಕೇಳಿದರೆ, ಈ ಡ್ರೈವರ್ ಹಳೆಯದು, ಪ್ರತಿ ಹೊಸ ಕರ್ನೆಲ್‌ಗೂ ಮತ್ತೆ ಕಂಪೈಲ್ ಆಗಬೇಕು, ಚಿಪ್ ಹಿಡಿಯುವುದೂ 2.4 ಗಿಗಾಹರ್ಟ್ಸ್ ಮಾತ್ರ. ಕರ್ನೆಲ್‌ನಲ್ಲಿಯೇ ಡ್ರೈವರ್ ಇರುವ ಸಣ್ಣ ಯುಎಸ್‌ಬಿ ವೈಫೈ ಡಾಂಗಲ್ ಕೊಳ್ಳುವುದು ಮೇಲು. ಒಳಗಿನ ಕಾರ್ಡನ್ನೇ ಬದಲಿಸುವ ಮುನ್ನ ಮಾತ್ರ ವಿಚಾರಿಸಿ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪುವುದಿಲ್ಲ.

ಪ್ರಶ್ನೆ: ಲಿನಕ್ಸ್ ಹಾಕಿದ ಮೇಲೆ ವೈಫೈ ಕಾರ್ಡ್ ಕಾಣುತ್ತದೆ, ಆದರೆ ಚಾಲೂ ಮಾಡಲು ಆಗುತ್ತಿಲ್ಲ.
– ಓದುಗರೊಬ್ಬರು, ಗದಗ

ಉತ್ತರ: ‘ಆರ್‌ಎಫ್‌ಕಿಲ್ ಲಿಸ್ಟ್’ ಆದೇಶ ಕೊಟ್ಟು ನೋಡಿ. ಸಾಫ್ಟ್ ಬ್ಲಾಕ್ (ತಂತ್ರಾಂಶದ ತಡೆ) ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ತೆರೆದುಕೊಳ್ಳುತ್ತದೆ. ಹಾರ್ಡ್ ಬ್ಲಾಕ್ (ಯಂತ್ರಾಂಶದ ತಡೆ) ಎಂದಿದ್ದರೆ ಯಾವ ಆದೇಶವೂ ನಡೆಯದು. ಲ್ಯಾಪ್‌ಟಾಪ್‌ನ ಅಂಚಿನ ಪುಟ್ಟ ಸ್ವಿಚ್ಚನ್ನೋ ಎಫ್‌ಎನ್ ಜೊತೆಗಿನ ಆಂಟೆನಾ ಚಿತ್ರದ ಕೀಲಿಯನ್ನೋ ಹುಡುಕಬೇಕು.