ಅಂತರ್ಜಾಲ ಬೇಡವೆನ್ನುವವರ ಕಾರಣಗಳು

ಪ್ರಶ್ನೆ: ನಮ್ಮ ತಂದೆಯವರು ನಿವೃತ್ತ ಲೆಕ್ಕಪರಿಶೋಧಕರು. ಸ್ಮಾರ್ಟ್‌ಫೋನ್ ಕೊಡಿಸಿದ್ದರೂ ಅದನ್ನು ಕರೆ ಮಾಡುವುದಕ್ಕಷ್ಟೇ ಬಳಸುತ್ತಾರೆ. ಬ್ಯಾಂಕಿನ ಕೆಲಸ, ಬಿಲ್ ಪಾವತಿ, ಟಿಕೆಟ್ ಎಲ್ಲದಕ್ಕೂ ಕೌಂಟರಿಗೇ ಹೋಗುತ್ತಾರೆ, ಇಲ್ಲವೇ ನನಗೆ ಹೇಳುತ್ತಾರೆ. ಇಷ್ಟು ತಿಳಿದವರೂ ಅಂತರ್ಜಾಲವನ್ನು ದೂರವಿಡುವುದೇಕೆ? ಅವರನ್ನು ಒಪ್ಪಿಸುವುದು ಹೇಗೆ?

ಉತ್ತರ: ಬಳಸದವರೆಲ್ಲ ಕಲಿಯಲಾರದವರು ಎಂಬ ಎಣಿಕೆ ಎಲ್ಲೆಡೆ ಇದೆ, ಅದು ಸರಿಯಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ 2013ರ ಸಮೀಕ್ಷೆಯಲ್ಲಿ ಅಲ್ಲಿನ ವಯಸ್ಕರ ಪೈಕಿ ಶೇ. 15ರಷ್ಟು ಮಂದಿ ಅಂತರ್ಜಾಲದಿಂದ ಹೊರಗಿದ್ದರು. ಅವರಲ್ಲಿ ಶೇ. 34ರಷ್ಟು ಜನ ಅದು ತಮಗೆ ಬೇಕಿಲ್ಲವೆಂದೂ, ಶೇ. 32ರಷ್ಟು ಜನ ಬಳಕೆಯ ತೊಡಕು ಅಥವಾ ವಂಚನೆಯ ಭಯವೆಂದೂ ಹೇಳಿದರೆ, ಖರ್ಚಿನ ಕಾರಣ ಕೊಟ್ಟವರು ಶೇ. 19 ಮಾತ್ರ. ಸಂಶೋಧಕಿ ಸ್ಯಾಲಿ ವ್ಯಾಟ್ 2003ರ ಲೇಖನವೊಂದರಲ್ಲಿ, ಅವಕಾಶವೇ ಸಿಗದವರನ್ನೂ ಬೇಕೆಂದೇ ಬಳಸದವರನ್ನೂ ಬೇರೆ ಬೇರೆಯಾಗಿ ನೋಡಬೇಕೆಂದರು; ಬಳಸಿ ನೋಡಿ ಬಿಟ್ಟವರನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು.

ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ಮುಖ್ಯವಾಗಿ ತೋರುವುದು ಅವರ ವೃತ್ತಿ. ರಸೀದಿ ನೋಡದೆ ಲೆಕ್ಕ ಒಪ್ಪದ, ಎರಡು ಸಲ ಓದದೆ ಸಹಿ ಹಾಕದ ಅಭ್ಯಾಸ ಅವರದು. ಹಣ ಪಾವತಿಯ ಪರದೆ ಕೇಳುವುದಾದರೋ ಇದಕ್ಕೆ ತದ್ವಿರುದ್ಧವಾದುದನ್ನು. ಓಟಿಪಿ ಪರದೆಯ ಮೇಲ್ಭಾಗದಲ್ಲಿ ಕ್ಷಣ ಕಾಲ ಮಿಂಚಿ ಮರೆಯಾಗುತ್ತದೆ. ಕನ್ನಡಕ ಹಾಕಿಕೊಂಡು, ಸಂದೇಶಗಳಲ್ಲಿ ಅದನ್ನು ಹುಡುಕಿ, ಅಂಕಿಗಳನ್ನು ನೆನಪಿಟ್ಟುಕೊಂಡು ಹಿಂದಿರುಗುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಹಣ ಹೋಯಿತೋ ಇಲ್ಲವೋ ಎಂಬ ಅನುಮಾನ ಮಾತ್ರ ಉಳಿಯುತ್ತದೆ. ಕೌಂಟರಿನಲ್ಲಿ ತಪ್ಪಾದರೆ ಎದುರಿಗೊಬ್ಬರು ಕುಳಿತಿರುತ್ತಾರೆ, ಕೇಳಬಹುದು. ಇಲ್ಲಿ ಯಾರನ್ನು ಕೇಳಬೇಕೆಂಬುದೇ ತಿಳಿಯದು. ತಪ್ಪನ್ನು ತಿದ್ದಿಕೊಳ್ಳುವ ದಾರಿ ಕಾಣದ ಕಡೆ ಕಾಲಿಡಲು ಹಿಂಜರಿಯುವುದನ್ನು ಹಟವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಅವರು ಜೀವನವಿಡೀ ಪಾಲಿಸಿದ ಎಚ್ಚರವೇ.

ದೇಹದ ಕಾರಣವೂ ಒಂದಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಸ್ಪರ್ಶಪರದೆಯು ಬೆರಳು ತಾಗಿದಾಗ ವಿದ್ಯುದಾವೇಶದಲ್ಲಾಗುವ ಸಣ್ಣ ಬದಲಾವಣೆಯನ್ನು ಗುರುತಿಸಿ ಕೆಲಸ ಮಾಡುತ್ತದೆ. ವಯಸ್ಸಾದಂತೆ ಒಣಗುವ ಬೆರಳ ತುದಿಯನ್ನು ಅದು ಕೆಲವೊಮ್ಮೆ ಗುರುತಿಸುವುದೇ ಇಲ್ಲ. ಆಗ ಅವರು ಒತ್ತಿ ಹಿಡಿಯುತ್ತಾರೆ; ಒತ್ತಿ ಹಿಡಿದರೆ ಬೇರೇನೋ ತೆರೆದುಕೊಳ್ಳುತ್ತದೆ. ಪಕ್ಕದಲ್ಲಿರುವವರು ‘ಅದಲ್ಲಪ್ಪಾ, ಇದು’ ಎಂದು ಫೋನ್ ಕಸಿದುಕೊಂಡು ತಾವೇ ಮಾಡಿ ಮುಗಿಸಿದರೆ, ಕಲಿಯಬೇಕೆಂದುಕೊಂಡವರಿಗೂ ಸಾಕೆನಿಸುತ್ತದೆ.

ಇನ್ನೊಂದು ಮಾತು. ಅವರ ಕೆಲಸಗಳನ್ನು ನೀವು ಮಾಡಿಕೊಡುತ್ತಿರುವುದರಿಂದ ಅಂತರ್ಜಾಲದ ಪ್ರಯೋಜನ ಅವರಿಗೆ ಈಗಾಗಲೇ ಸಿಗುತ್ತಿದೆ. ಹಾಗಿರುವಾಗ ತಾವೇ ಕಲಿಯಬೇಕೆಂದು ಅವರಿಗೇಕೆ ಅನ್ನಿಸಬೇಕು? ತಂತ್ರಜ್ಞಾನವನ್ನು ಜನ ಒಪ್ಪುವುದು ಅದು ತಮಗೆ ಉಪಯುಕ್ತ, ಬಳಸಲು ಸುಲಭ ಎಂದು ತೋರಿದಾಗ ಎಂದು ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲೇ ವಾದಿಸಿದ್ದರು.

ಆದ್ದರಿಂದ ಹಣದ ವ್ಯವಹಾರದಿಂದ ಆರಂಭಿಸಬೇಡಿ. ತಪ್ಪಿದರೂ ನಷ್ಟವಾಗದ, ಅವರಿಗೇ ಪ್ರಿಯವಾದ ವಿಷಯವೊಂದನ್ನು ಹುಡುಕಿ ಓದುವುದರಿಂದ ತೊಡಗಿ. ಅಕ್ಷರಗಳನ್ನು ದೊಡ್ಡದು ಮಾಡಿಕೊಡಿ, ಫೋನ್ ಅವರ ಕೈಯಲ್ಲೇ ಇರಲಿ. ಮುಂದೆ ಅವರೇ ಪಾವತಿ ಮಾಡುತ್ತೇನೆಂದರೆ, ಅಲ್ಪ ಮೊತ್ತವಷ್ಟೇ ಇರುವ ಪ್ರತ್ಯೇಕ ಖಾತೆಯೊಂದನ್ನು ಅದಕ್ಕೆಂದೇ ಇಡಬಹುದು. ಇಷ್ಟಾಗಿಯೂ ಬೇಡವೆಂದರೆ ಅವರನ್ನು ಕೌಂಟರಿಗೆ ಹೋಗಲು ಬಿಡಿ. ಆ ಕೌಂಟರುಗಳು ಮುಚ್ಚದಂತೆ ಒತ್ತಾಯಿಸುವುದು ಅಂತರ್ಜಾಲ ಬಲ್ಲ ನಿಮ್ಮಂಥವರ, ನನ್ನಂಥವರ ಕೆಲಸ.